ಪೆಡಲ್‌ನ ಒಳಗೇ ಹದಿನೆಂಟು ವೋಲ್ಟ್: ಎಲ್‌ಟಿ1054 ಐಸಿಯ ವಿಮರ್ಶೆ

ಮನೆಯಲ್ಲಿ ಬೆಸುಗೆ ಹಾಕಿ ಗಿಟಾರ್ ಪೆಡಲ್ (ಗಿಟಾರಿಗೂ ಆಂಪ್‌ಗೂ ನಡುವೆ ಇಟ್ಟು, ಕಾಲಿನಿಂದ ತುಳಿದು ಸದ್ದನ್ನು ಬದಲಿಸುವ ಡಬ್ಬಿ) ಕಟ್ಟುವ ಹವ್ಯಾಸವುಳ್ಳವರು ಮೊದಲ ಕೆಲವು ಪೆಡಲ್‌ಗಳ ಮಟ್ಟಿಗೆ ವಿದ್ಯುತ್ ಪೂರೈಕೆಯ ಬಗ್ಗೆ ಹೆಚ್ಚು ಯೋಚಿಸಬೇಕಾಗಿ ಬರುವುದಿಲ್ಲ. ಅಂಗಡಿಯಲ್ಲಿ ಸಿಗುವ ಬಹುಪಾಲು ಪೆಡಲ್‌ಗಳಂತೆ ನಮ್ಮವೂ 9 ವೋಲ್ಟ್ ಡಿ.ಸಿ.ಯಲ್ಲಿಯೇ ನಡೆಯುತ್ತವೆ, ನಡುವಿನ ಕಡ್ಡಿ ನೆಗೆಟಿವ್, ಹೊರಗಿನ ಬಳೆ ಪಾಸಿಟಿವ್ ಆಗಿರುವ ಒಂದೇ ಬಗೆಯ ಅಡಾಪ್ಟರ್ ಎಲ್ಲಕ್ಕೂ ಸಾಕಾಗುತ್ತದೆ. ಆಸೆಪಟ್ಟು ಆರಿಸಿಕೊಂಡ ಸರ್ಕ್ಯೂಟೊಂದರ ನಕ್ಷೆಯ ಮೂಲೆಯಲ್ಲಿ +18 ವೋಲ್ಟ್ ಎಂದೋ −9 ವೋಲ್ಟ್ ಎಂದೋ ಬರೆದಿರುವುದು ಕಂಡ ದಿನ ಈ ನೆಮ್ಮದಿ ಮುಗಿಯುತ್ತದೆ. ನನ್ನ ಮಟ್ಟಿಗೆ ಅಂಥ ಪೆಡಲ್‌ಗಳು ಮೂರು: ಸದ್ದನ್ನು ಒಡೆಯದೆ ಹೆಚ್ಚಿಸುವ ಒಂದು ಕ್ಲೀನ್ ಬೂಸ್ಟ್, ಸದ್ದನ್ನು ಹದವಾಗಿ ಒಡೆಯುವ, ಕ್ಲಾನ್ ಸೆಂಟಾರ್ ಮಾದರಿಯ ಒಂದು ಓವರ್‌ಡ್ರೈವ್, ಮತ್ತು ಎಂಎನ್3005 ಐಸಿಯನ್ನು ಬಳಸಿದ ಪ್ರತಿಧ್ವನಿ ಹುಟ್ಟಿಸುವ ಒಂದು ಅನಲಾಗ್ ಡಿಲೇ. ಮೊದಲ ಎರಡರಲ್ಲಿ ಎಲ್‌ಟಿ1054 ಎಂಬ, ವೋಲ್ಟೇಜ್ ಏರಿಸುವ ಎಂಟು ಕಾಲಿನ ಐಸಿ (ಚಿಪ್) ಒಂದೂವರೆ ವರ್ಷದಿಂದ ಕೆಲಸ ಮಾಡುತ್ತಿದೆ, ಮೂರನೆಯದರಲ್ಲಿ ಅದು ಸೋತಿತು. ಈ ಎರಡೂ ಅನುಭವಗಳ ಬಲದಿಂದ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಹೆಚ್ಚಿನ ವೋಲ್ಟೇಜ್ ಏಕೆ ಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಿಯೇ ನೋಡಬೇಕು, ಏಕೆಂದರೆ ಅದು ಬೇಡದ ಕಡೆಯಲ್ಲಿ ಖರ್ಚು ಮತ್ತು ಗದ್ದಲ ಎರಡೂ ವ್ಯರ್ಥ. ಪೆಡಲ್‌ಗಳಲ್ಲಿ ಎಲ್ಲೆಲ್ಲೂ ಕಾಣಸಿಗುವ ಟಿಎಲ್072 ಆಪ್-ಆಂಪ್ (ಸಂಕೇತವನ್ನು ಹಿಗ್ಗಿಸುವ ಐಸಿ) ತನಗೆ ಕೊಟ್ಟ ವೋಲ್ಟೇಜಿನ ಎರಡೂ ಅಂಚುಗಳಿಂದ ಸುಮಾರು ಒಂದೂವರೆ ವೋಲ್ಟ್ ಒಳಗೇ ನಿಂತುಬಿಡುತ್ತದೆ. ಹಾಗಾಗಿ 9 ವೋಲ್ಟ್ ಕೊಟ್ಟರೆ ಸಂಕೇತಕ್ಕೆ ಸಿಗುವ ಜಾಗ ತುದಿಯಿಂದ ತುದಿಗೆ 6 ವೋಲ್ಟ್ ಮಾತ್ರ. ಅದೇ 18 ವೋಲ್ಟ್ ಕೊಟ್ಟರೆ 15 ವೋಲ್ಟ್. ಹಂಬಕರ್ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ, ಎರಡು ಸುರುಳಿಯ ಭಾಗ) ಇರುವ ಗಿಟಾರಿನಲ್ಲಿ ಆರೂ ತಂತಿಗಳನ್ನು ಬಲವಾಗಿ ಮೀಟಿದರೆ ತುದಿಯಿಂದ ತುದಿಗೆ ಒಂದು ವೋಲ್ಟ್ ಬರುವುದು ದೊಡ್ಡ ಮಾತಲ್ಲ. ಅದನ್ನು ಹತ್ತು ಪಟ್ಟು ಹೆಚ್ಚಿಸಲು ಹೊರಟ ಬೂಸ್ಟ್ ಪೆಡಲ್‌ಗೆ 10 ವೋಲ್ಟಿನ ಜಾಗ ಬೇಕು, 9 ವೋಲ್ಟಿನಲ್ಲಿ ಅದು ಎಲ್ಲಿಂದಲೂ ಒದಗುವುದಿಲ್ಲ. ಅಲೆಯ ನೆತ್ತಿ ಕತ್ತರಿಸಿಹೋಗಿ ಒರಟು ಸದ್ದು ಹೊರಡುತ್ತದೆ. ನನ್ನ ಕ್ಲೀನ್ ಬೂಸ್ಟ್ ಹೆಸರಿಗೆ ಮಾತ್ರ ಕ್ಲೀನ್ ಆಗಿದ್ದುದರ ಕಾರಣ ಇದೇ ಆಗಿತ್ತು.

ಆದರೆ ಡಯೋಡ್‌ಗಳಿಂದಲೇ ಸಂಕೇತವನ್ನು ಕತ್ತರಿಸುವ ಡಿಸ್ಟಾರ್ಷನ್ ಪೆಡಲ್‌ಗಳಲ್ಲಿ ಪೂರೈಕೆಯ ವೋಲ್ಟೇಜ್ ಎಷ್ಟೇ ಇದ್ದರೂ ಎರಡು ಸಿಲಿಕಾನ್ ಡಯೋಡ್‌ಗಳು ಸಂಕೇತವನ್ನು ಆಚೆಗೊಂದಿಷ್ಟು ಈಚೆಗೊಂದಿಷ್ಟು, ಸುಮಾರು 0.6 ವೋಲ್ಟಿನಲ್ಲಿಯೇ ಹಿಡಿದು ನಿಲ್ಲಿಸುತ್ತವೆ. ಅಂಥ ಕಡೆ 18 ವೋಲ್ಟ್ ಕೊಟ್ಟು ದೊಡ್ಡ ವ್ಯತ್ಯಾಸ ಕೇಳಿಸಿತೆಂದು ಹೇಳುವವರ ಮಾತನ್ನು ನಾನು ಒಪ್ಪಲಾರೆ. 1966ರ ಫಜ್ ಫೇಸ್‌ನಂಥ ಎರಡು ಟ್ರಾನ್ಸಿಸ್ಟರಿನ ಫಜ್ ಸರ್ಕ್ಯೂಟುಗಳಂತೂ 9 ವೋಲ್ಟಿಗೆಂದೇ ಹದಗೊಳಿಸಿದಂಥವು. ಅವುಗಳ ಬಯಾಸ್, ಅಂದರೆ ಟ್ರಾನ್ಸಿಸ್ಟರುಗಳ ವೋಲ್ಟೇಜ್ ಹೊಂದಿಕೆಯನ್ನು ಕೆಡಿಸುವುದರಿಂದ ಸಿಗುವ ಲಾಭವೇನೂ ಇಲ್ಲ. 1994ರಲ್ಲಿ ಅಮೆರಿಕದ ಬಿಲ್ ಫಿನ್ನೆಗನ್ ಮಾರಾಟಕ್ಕೆ ತಂದ ಕ್ಲಾನ್ ಸೆಂಟಾರ್ ಈ ವಿಷಯದಲ್ಲಿ ಒಳ್ಳೆಯ ಪಾಠ. ಅದಕ್ಕೆ ಹೊರಗಿನಿಂದ ಕೊಡುವುದು 9 ವೋಲ್ಟ್ ಮಾತ್ರ. ಸದ್ದನ್ನು ಒಡೆಯುವ ಮೊದಲ ಹಂತ ಅಷ್ಟರಲ್ಲಿಯೇ ನಡೆಯುತ್ತದೆ, ಕತ್ತರಿಸುವ ಕೆಲಸವನ್ನು ಜರ್ಮೇನಿಯಂ ಡಯೋಡ್‌ಗಳು ನೋಡಿಕೊಳ್ಳುತ್ತವೆ. ಒಡೆದ ಸದ್ದನ್ನೂ ಸ್ವಚ್ಛ ಸದ್ದನ್ನೂ ಸೇರಿಸುವ ನಂತರದ ಹಂತಕ್ಕೆ ಮಾತ್ರ ಒಳಗಿನ ಮ್ಯಾಕ್ಸ್1044 ಐಸಿ +18 ಮತ್ತು −9 ವೋಲ್ಟ್, ಅಂದರೆ ಒಟ್ಟು 27 ವೋಲ್ಟಿನ ಹರವನ್ನು ಒದಗಿಸುತ್ತದೆ. ಎಲ್ಲಿ ಜಾಗ ಬೇಕೋ ಅಲ್ಲಿಗಷ್ಟೇ ಜಾಗ ಮಾಡಿಕೊಟ್ಟ ಈ ವಿವೇಚನೆ ನನಗೆ ಬಹಳ ಮೆಚ್ಚುಗೆಯಾದದ್ದು.

ಮ್ಯಾಕ್ಸ್1044, ಐಸಿಎಲ್7660, ಟಿಸಿ1044ಎಸ್, ಎಲ್‌ಟಿ1054 ಇವೆಲ್ಲ ಒಂದೇ ಕುಟುಂಬದ ಐಸಿಗಳು. ಇವುಗಳನ್ನು ಚಾರ್ಜ್ ಪಂಪ್ ಎನ್ನುತ್ತಾರೆ. ಬಾವಿಯಿಂದ ಸೇದಿದ ನೀರನ್ನು ಕೊಡದಲ್ಲಿ ಹೊತ್ತು ಅಟ್ಟದ ಮೇಲಿನ ತೊಟ್ಟಿಗೆ ಸುರಿಯುವಂತೆ, ಇವು ಒಂದು ಕೆಪಾಸಿಟರನ್ನು 9 ವೋಲ್ಟಿಗೆ ತುಂಬಿ, ಆಮೇಲೆ ಅದರ ಬುಡವನ್ನೇ 9 ವೋಲ್ಟಿನ ಮೇಲಕ್ಕೆ ಎತ್ತಿ, ಎರಡನೆಯ ಕೆಪಾಸಿಟರಿಗೆ ಸುರಿಯುತ್ತವೆ. ಸೆಕೆಂಡಿಗೆ ಸಾವಿರಾರು ಸಲ ಈ ಕೆಲಸ ನಡೆಯುತ್ತದೆ. ಕೊಡ ತುಂಬಿ ಸುರಿಯುವ ಈ ಲಯವೇ ಪೆಡಲ್ ಕಟ್ಟುವವರ ತಲೆನೋವಿನ ಮೂಲ, ಏಕೆಂದರೆ ಲಯ ನಿಧಾನವಾಗಿದ್ದರೆ ಅದು ಕಿವಿಗೆ ಕೇಳಿಸುತ್ತದೆ.

ನಾನು ಮೊದಲು ಬಳಸಿದ್ದು ಐಸಿಎಲ್7660. ಅದು ಅಗ್ಗ, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದ ಕೂಡಲೇ ಸಿಗುತ್ತದೆ. ಅದರ ಆಂದೋಲಕ (ಆ ಲಯವನ್ನು ಹುಟ್ಟಿಸುವ ಭಾಗ) ಸುಮಾರು 10 ಕಿಲೊಹರ್ಟ್ಸ್‌ನಲ್ಲಿ ನಡೆಯುವುದರಿಂದ ಆ ಸದ್ದು ಮನುಷ್ಯನ ಕಿವಿಯ ಹರವಿನೊಳಗೇ ಬರುತ್ತದೆ. ಆಂಪ್‌ನ ಗೇನ್ (ಸಂಕೇತವನ್ನು ಹಿಗ್ಗಿಸುವ ಪ್ರಮಾಣ) ಏರಿಸಿದಾಗ ಸೊಳ್ಳೆ ಕಿವಿಯ ಬಳಿ ಸುಳಿದಂಥ ತೆಳ್ಳನೆಯ ಕೀರಲು ಸ್ಪಷ್ಟವಾಗಿ ಕೇಳುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅದರ ತಾಳಿಕೆಯದು. ಈ ಐಸಿಗೆ 10 ವೋಲ್ಟಿಗಿಂತ ಹೆಚ್ಚು ಕೊಡಬಾರದು, 10.5 ದಾಟಿದರೆ ಅದರ ಕಥೆ ಮುಗಿದಂತೆ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಕಾಲದ ಅಡಾಪ್ಟರ್‌ಗಳ ಮೇಲೆ 9 ವೋಲ್ಟ್ ಎಂದು ಅಚ್ಚಾಗಿದ್ದರೂ, ವೋಲ್ಟೇಜನ್ನು ಸ್ಥಿರವಾಗಿಡುವ ರೆಗ್ಯುಲೇಟರ್ ಇಲ್ಲದ ಕಾರಣ ಹೊರೆ ಕಡಿಮೆ ಇದ್ದಾಗ ಅವು 12ರಿಂದ 13 ವೋಲ್ಟ್ ಕೊಡುವುದು ಸಾಮಾನ್ಯ. ಪೆಡಲ್ ಎಳೆಯುವುದು ಕೆಲವೇ ಮಿಲಿಆಂಪಿಯರ್ ಆದ್ದರಿಂದ ಅದು ಅಡಾಪ್ಟರಿಗೆ ಹೊರೆಯೇ ಅಲ್ಲ. ಮನೆಯ ಕಪಾಟಿನಲ್ಲಿದ್ದ ಅಂಥದೊಂದು ಅಡಾಪ್ಟರನ್ನು ಅಳೆದು ನೋಡದೆ ಚುಚ್ಚಿದ ಸಂಜೆ ನನ್ನ 7660 ಸುಟ್ಟುಹೋಯಿತು. ತಪ್ಪು ನನ್ನದೇ ಆಗಿತ್ತು. ಆದರೆ ಆ ತಪ್ಪನ್ನು ಯಾರು ಬೇಕಾದರೂ ಮಾಡಬಹುದಾದ್ದರಿಂದ, ನನ್ನ ಪೆಡಲನ್ನು ನಾಳೆ ಸ್ನೇಹಿತನೊಬ್ಬ ಎರವಲು ಪಡೆದರೂ ಅದು ಸುರಕ್ಷಿತವಾಗಿರಬೇಕೆಂದು ಅಂದೇ ನಿಶ್ಚಯಿಸಿದೆ.

ಎಲ್‌ಟಿ1054 ನನಗೆ ಇಷ್ಟವಾಗುವುದು ಮುಖ್ಯವಾಗಿ ಈ ಎರಡು ಅಂಶಗಳಿಂದ. ಅದು 3.5ರಿಂದ 15 ವೋಲ್ಟಿನವರೆಗೆ ತಾಳಿಕೊಳ್ಳುತ್ತದೆ. ಹಾಗಾಗಿ ಮೇಲೆ ಹೇಳಿದ ಅಡಾಪ್ಟರ್ ಅದನ್ನು ಕೊಲ್ಲಲಾರದು. ಅದರ ಆಂದೋಲಕ ಸುಮಾರು 25 ಕಿಲೊಹರ್ಟ್ಸ್‌ನಲ್ಲಿ ನಡೆಯುವಂತೆ ಕಾರ್ಖಾನೆಯಲ್ಲಿಯೇ ಹೊಂದಿಸಿರುವುದರಿಂದ ಸದ್ದು ಕಿವಿಯ ಮಿತಿಯನ್ನು ದಾಟಿರುತ್ತದೆ. ಮೂರನೆಯದಾಗಿ, ಅದು 100 ಮಿಲಿಆಂಪಿಯರ್‌ವರೆಗೆ ಹೊರೆ ಹೊರುವಂತೆ ರೂಪಿಸಿದ ಐಸಿ. 7660ರಿಂದ ಕೆಲವೇ ಮಿಲಿಆಂಪಿಯರ್ ಎಳೆದರೂ ವೋಲ್ಟೇಜ್ ಕುಸಿಯತೊಡಗುತ್ತದೆ. ಇಷ್ಟಕ್ಕೆ ಪ್ರತಿಯಾಗಿ ಬೆಲೆ 7660ಗಿಂತ ಹಲವು ಪಟ್ಟು ಹೆಚ್ಚು. ಸುಟ್ಟ ಐಸಿಯನ್ನು ಬಿಡಿಸಿ ಮತ್ತೆ ಬೆಸುಗೆ ಹಾಕುವ ಶ್ರಮವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಬೆಲೆ ನನಗೆ ಭಾರವೆನಿಸಲಿಲ್ಲ.

ಜೋಡಣೆ ಕಷ್ಟವಲ್ಲ. ಎರಡನೆಯ ಕಾಲಿನಿಂದ ಒಂದು 10 ಮೈಕ್ರೊಫ್ಯಾರಡ್ ಕೆಪಾಸಿಟರ್, ಎರಡು ಡಯೋಡ್‌ಗಳು, ಕೊನೆಗೆ ಒಂದು ದೊಡ್ಡ ಕೆಪಾಸಿಟರ್ ಇಷ್ಟಿದ್ದರೆ ವೋಲ್ಟೇಜ್ ದುಪ್ಪಟ್ಟಾಗುತ್ತದೆ. ಆದರೆ ಪೂರ್ತಿ 18 ಸಿಗುತ್ತದೆಂದು ನಿರೀಕ್ಷಿಸಬಾರದು, ಏಕೆಂದರೆ ಎರಡು ಡಯೋಡ್‌ಗಳೂ ಐಸಿಯೂ ತಂತಮ್ಮ ಪಾಲನ್ನು ತೆಗೆದುಕೊಂಡೇ ಉಳಿದದ್ದನ್ನು ಕೊಡುತ್ತವೆ. ನನ್ನ ಅಡಾಪ್ಟರ್ ಕೊಡುವುದು 9.2 ವೋಲ್ಟ್. ಸಾಮಾನ್ಯವಾದ 1ಎನ್4148 ಡಯೋಡ್‌ಗಳನ್ನು ಹಾಕಿದಾಗ ಬೂಸ್ಟ್ ಪೆಡಲ್‌ನ ಹೊರೆಯಲ್ಲಿ 16.7 ವೋಲ್ಟ್ ಬಂದಿತು; ಅವುಗಳನ್ನು ತೆಗೆದು ಷಾಟ್ಕಿ ಬಗೆಯ 1ಎನ್5817 ಹಾಕಿದ ಮೇಲೆ 17.5ಕ್ಕೆ ಏರಿತು. ಹೆಡ್‌ರೂಮಿಗಾಗಿ, ಅಂದರೆ ಸಂಕೇತಕ್ಕೆ ಬೇಕಾದ ಜಾಗಕ್ಕಾಗಿ, ಇಷ್ಟೆಲ್ಲ ಪಾಡುಪಡುವಾಗ ಡಯೋಡ್‌ಗಳಲ್ಲಿ ಮುಕ್ಕಾಲು ವೋಲ್ಟ್ ಕಳೆದುಕೊಳ್ಳುವುದು ಸರಿಯಲ್ಲ, ಆದ್ದರಿಂದ 1ಎನ್5817 ಹಾಕಿಯೇ ಕಟ್ಟಬೇಕೆಂದು ನನ್ನ ಸಲಹೆ.

ಹಳೆಯ ನಕ್ಷೆಗಳನ್ನು ನೋಡಿ ಕಟ್ಟುವವರು ಒಂದನೆಯ ಕಾಲಿನ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಮ್ಯಾಕ್ಸ್1044 ಮತ್ತು ಟಿಸಿ1044ಎಸ್ ಐಸಿಗಳಲ್ಲಿ ಅದು ಬೂಸ್ಟ್ ಕಾಲು. ಅದನ್ನು ಎಂಟನೆಯ ಕಾಲಿಗೆ, ಅಂದರೆ ಧನ ಪೂರೈಕೆಗೆ ಸೇರಿಸಿದರೆ ಆಂದೋಲನದ ವೇಗ ಹೆಚ್ಚಿ ಕೀರಲು ಕಿವಿಯ ಆಚೆಗೆ ಹೋಗುತ್ತದೆ. ಎಲ್‌ಟಿ1054ರಲ್ಲಿ ಅದೇ ಕಾಲು ಫೀಡ್‌ಬ್ಯಾಕ್ ಮತ್ತು ಶಟ್‌ಡೌನ್ ಕೆಲಸಕ್ಕೆ ಮೀಸಲಾಗಿದೆ. ಉಳಿದ ಕಾಲುಗಳು ಬಹುಮಟ್ಟಿಗೆ ಹೊಂದುವುದರಿಂದ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸುವ ಆಸೆ ಸಹಜ. ಹಾಗೆ ಮಾಡುವ ಮೊದಲು ಒಂದನೆಯ ಕಾಲಿಗೆ ಬರುವ ತಾಮ್ರದ ಪಟ್ಟಿಯನ್ನು ಕತ್ತರಿಸಿ, ಆ ಕಾಲನ್ನು ಯಾವುದಕ್ಕೂ ಸೇರಿಸದೆ ಬಿಡಬೇಕು.

ಅಸಲಿ ಐಸಿ ಸಿಗುವುದೂ ಒಂದು ಪ್ರಶ್ನೆಯೇ. ಒಮ್ಮೆ ಆನ್‌ಲೈನ್ ಮಾರಾಟಗಾರರೊಬ್ಬರಿಂದ ಬಹಳ ಕಡಿಮೆ ಬೆಲೆಗೆ ಐದು ಎಲ್‌ಟಿ1054 ತರಿಸಿದ್ದೆ. ಐದರ ಮೇಲೂ ಹೆಸರು ನೀಟಾಗಿ ಅಚ್ಚಾಗಿತ್ತು, ಐದೂ ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ಜೋಡಿಸಿ ನೋಡುವ ಹಲಗೆ) ಮೇಲೆ ವೋಲ್ಟೇಜನ್ನು ದುಪ್ಪಟ್ಟು ಮಾಡಿದವು, ಆದರೆ 7660ರ ಹಳೆಯ ಕೀರಲು ಮತ್ತೆ ಕೇಳಿಬಂತು. ಸಂಶಯ ಪರಿಹಾರಕ್ಕೆ ದೊಡ್ಡ ಉಪಕರಣ ಬೇಕಿಲ್ಲ. ಅಸಲಿ ಎಲ್‌ಟಿ1054ರ ಆರನೆಯ ಕಾಲಿನಲ್ಲಿ 2.5 ವೋಲ್ಟಿನ ರೆಫರೆನ್ಸ್ (ಸ್ಥಿರವಾದ ಆಧಾರ ವೋಲ್ಟೇಜ್) ಇರುತ್ತದೆ. 9 ವೋಲ್ಟ್ ಕೊಟ್ಟು ಆ ಕಾಲಿಗೂ ಗ್ರೌಂಡಿಗೂ (ಸರ್ಕ್ಯೂಟಿನ ಸೊನ್ನೆ ವೋಲ್ಟಿನ ನೆಲೆ) ನಡುವೆ ಮಲ್ಟಿಮೀಟರ್ ಹಿಡಿದರೆ ಆ ಅಂಕಿ ಕಾಣಲೇಬೇಕು. 7660ರಲ್ಲಿ ಆ ಕಾಲಿಗೆ ಬೇರೆಯೇ ಕೆಲಸ. ನನ್ನ ಐದರಲ್ಲಿ ಒಂದೂ 2.5ರ ಹತ್ತಿರಕ್ಕೆ ಬರಲಿಲ್ಲ. ಅಂದಿನಿಂದ ನಾನು ಸ್ವಲ್ಪ ಹೆಚ್ಚು ಹಣ ಕೊಟ್ಟು, ತಯಾರಕರ ಅಧಿಕೃತ ವಿತರಕರಿಂದಲೇ ಈ ಐಸಿಯನ್ನು ಕೊಳ್ಳುತ್ತೇನೆ, ಕೊಂಡದ್ದನ್ನೂ ಬೆಸುಗೆಗೆ ಮೊದಲು ಹೀಗೆ ಅಳೆದು ನೋಡುತ್ತೇನೆ.

ಈಗ ಗದ್ದಲದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಂಥ ಐಸಿಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ಅಸಲಿ ಐಸಿಯನ್ನು ಹಾಕಿದ ಮೊದಲ ದಿನವೂ ನನ್ನ ಬೂಸ್ಟ್ ಪೆಡಲ್ ಪೂರ್ತಿ ಮೌನವಾಗಿರಲಿಲ್ಲ. 25 ಕಿಲೊಹರ್ಟ್ಸ್ ಕಿವಿಗೆ ಕೇಳದಿದ್ದರೂ ಅದು ಸರ್ಕ್ಯೂಟಿನೊಳಗೆ ಇದ್ದೇ ಇರುತ್ತದೆ, ಮುಂದಿನ ಪೆಡಲ್ ಹೆಚ್ಚು ಗೇನಿನದಾಗಿದ್ದರೆ ಅದರೊಡನೆ ಬೆರೆತು ಒಂದು ಬಗೆಯ ಮಂಕು ಸುಯ್ಯುವಿಕೆಯಾಗಿ ಹೊರಬರುತ್ತದೆ. ಎರಡು ಬದಲಾವಣೆಗಳಿಂದ ಅದು ಇಳಿಯಿತು. ಮೊದಲನೆಯದು ಫಿಲ್ಟರ್: ಪಂಪಿನ ಔಟ್‌ಪುಟ್ ಮತ್ತು ಆಪ್-ಆಂಪ್ ನಡುವೆ 100 ಓಮ್ ರೆಸಿಸ್ಟರ್, ಅದರ ಆಚೆಗೆ ಗ್ರೌಂಡಿಗೆ 100 ಮೈಕ್ರೊಫ್ಯಾರಡ್ ಕೆಪಾಸಿಟರ್. ಈ ಜೋಡಿ ಸುಮಾರು 16 ಹರ್ಟ್ಸ್‌ಗಿಂತ ಮೇಲಿನದನ್ನೆಲ್ಲ ಇಳಿಸತೊಡಗುತ್ತದೆ. 25,000 ಹರ್ಟ್ಸ್ ತಲುಪುವ ಹೊತ್ತಿಗೆ ಲೆಕ್ಕದ ಪ್ರಕಾರ ಗದ್ದಲ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾಗಿರುತ್ತದೆ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಒಳ ರೋಧದಿಂದಾಗಿ ನಿಜದಲ್ಲಿ ಅಷ್ಟು ಸಿಗದಿದ್ದರೂ, ಪಕ್ಕದಲ್ಲಿ ಒಂದು 0.1 ಮೈಕ್ರೊಫ್ಯಾರಡ್ ಸೆರಾಮಿಕ್ ಇಟ್ಟರೆ ಸಾಕಷ್ಟು ಸಿಗುತ್ತದೆ. ಎರಡು ಟಿಎಲ್072 ಸೇರಿ ಎಳೆಯುವುದು ಆರು ಮಿಲಿಆಂಪಿಯರಿಗೂ ಕಡಿಮೆ. ಆದ್ದರಿಂದ ಈ ರೆಸಿಸ್ಟರಿನಲ್ಲಿ ಕಳೆದುಹೋಗುವುದು ಅರ್ಧ ವೋಲ್ಟಿನ ಆಸುಪಾಸು. ಆ ನಷ್ಟವನ್ನು ನಾನು ಸಂತೋಷದಿಂದ ಒಪ್ಪಿಕೊಂಡಿದ್ದೇನೆ.

ಎರಡನೆಯ ಬದಲಾವಣೆ ಗ್ರೌಂಡಿನದು, ಅದಕ್ಕೆ ಖರ್ಚೇ ಇಲ್ಲ. ಪಂಪಿನ ಕೆಪಾಸಿಟರ್‌ಗಳು ತುಂಬಿ ಬರಿದಾಗುವಾಗ ಗ್ರೌಂಡ್ ತಂತಿಯಲ್ಲಿ ಸಣ್ಣ ಸಣ್ಣ ಕರೆಂಟಿನ ಏಟುಗಳು ಹರಿಯುತ್ತವೆ. ನಾನು ಮೊದಲು ವೆರೊಬೋರ್ಡಿನ (ತಾಮ್ರದ ಪಟ್ಟಿಗಳಿರುವ ಬೋರ್ಡು) ಒಂದೇ ಪಟ್ಟಿಯಲ್ಲಿ ಪಂಪಿನ ಗ್ರೌಂಡನ್ನೂ ಇನ್‌ಪುಟ್ ಜ್ಯಾಕಿನ ಗ್ರೌಂಡನ್ನೂ ಸಾಲಾಗಿ ಜೋಡಿಸಿದ್ದೆ. ಆ ಏಟುಗಳೆಲ್ಲ ಗಿಟಾರಿನ ಸಂಕೇತದ ಬುಡಕ್ಕೇ ಬೀಳುತ್ತಿದ್ದವು. ಪಂಪಿನ ಗ್ರೌಂಡನ್ನು ಬೇರೆ ತಂತಿಯಲ್ಲಿ ನೇರವಾಗಿ ಡಿ.ಸಿ. ಜ್ಯಾಕಿಗೆ ಒಯ್ದು, ಆಡಿಯೊ ಗ್ರೌಂಡ್ ಅಲ್ಲಿಗೇ ಬಂದು ಕೂಡುವಂತೆ ಮಾಡಿದಾಗ ಗದ್ದಲ ಅರ್ಧಕ್ಕಿಂತ ಹೆಚ್ಚು ಇಳಿದದ್ದು ನನಗೇ ಆಶ್ಚರ್ಯ ತಂದಿತು. 1590ಬಿ ಅಳತೆಯ ಅಲ್ಯೂಮಿನಿಯಂ ಡಬ್ಬಿಯೊಳಗೆ ಜಾಗ ಬಹಳ ಕಡಿಮೆ, ಆದರೂ ಪಂಪನ್ನು ಡಿ.ಸಿ. ಜ್ಯಾಕಿನ ಪಕ್ಕದಲ್ಲಿ ಕೂರಿಸಿ, ಒಂದು ಮೆಗಾಓಮ್ ಇನ್‌ಪುಟ್ ಇರುವ ಮೊದಲ ಹಂತವನ್ನು ಡಬ್ಬಿಯ ಇನ್ನೊಂದು ತುದಿಯಲ್ಲಿ ಇಡುವಷ್ಟು ಜಾಗ ಮಾಡಿಕೊಳ್ಳಲೇಬೇಕು. ಇಷ್ಟಾದ ಮೇಲೆ ನನ್ನ ಬೂಸ್ಟ್, ಪಂಪನ್ನು ಬಿಡಿಸಿ ಎರಡು ಬ್ಯಾಟರಿಗಳಿಂದ 18 ವೋಲ್ಟ್ ಕೊಟ್ಟಾಗ ಎಷ್ಟು ಮೌನವಾಗಿತ್ತೋ ಅಷ್ಟೇ ಮೌನವಾಗಿ ನಡೆಯುತ್ತಿದೆ. ಎರಡಕ್ಕೂ ವ್ಯತ್ಯಾಸವನ್ನು ಕಿವಿಯಿಂದ ಗುರುತಿಸಲು ನನಗೆ ಸಾಧ್ಯವಾಗಲಿಲ್ಲ.

ಒಂದೇ ಪೂರೈಕೆಯಲ್ಲಿ ಎರಡು ಪಂಪುಗಳಿದ್ದರೆ ಇನ್ನೊಂದು ಬಗೆಯ ಸಮಸ್ಯೆ ತಲೆಯೆತ್ತುತ್ತದೆ. ಎರಡು ತಂಬೂರಿಗಳ ಷಡ್ಜ ಕೂದಲೆಳೆಯಷ್ಟು ಬೇರೆಯಾದಾಗ ಅವುಗಳ ನಡುವೆ ಒಂದು ಅಲೆ ಏಳುವುದನ್ನು ಸಂಗೀತ ಕೇಳುವವರೆಲ್ಲ ಬಲ್ಲರು. ಎರಡು ಎಲ್‌ಟಿ1054 ಐಸಿಗಳೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಒಂದು 25 ಕಿಲೊಹರ್ಟ್ಸ್‌ನಲ್ಲಿಯೂ ಇನ್ನೊಂದು 26.5ರಲ್ಲಿಯೂ ಇದ್ದರೆ, ಎರಡೂ ಕಿವಿಗೆ ಕೇಳದಿದ್ದರೂ ಅವುಗಳ ಅಂತರವಾದ 1,500 ಹರ್ಟ್ಸ್ ಸೀಟಿಯಂತೆ ಕೇಳುತ್ತದೆ. ನನ್ನ ಬೂಸ್ಟ್ ಮತ್ತು ಓವರ್‌ಡ್ರೈವ್ ಎರಡನ್ನೂ ಒಂದೇ ಅಡಾಪ್ಟರಿನ ಕವಲು ತಂತಿಯಿಂದ ನಡೆಸಿದ ದಿನ ಇಂಥ ಸೀಟಿ ಕೇಳಿಬಂತು. ಪೆಡಲ್ ಬಿಸಿಯಾದಂತೆ ಅದರ ಸ್ಥಾಯಿ ನಿಧಾನವಾಗಿ ಜಾರುತ್ತಿದ್ದುದರಿಂದಲೇ ಕಾರಣ ಹೊಳೆಯಿತು. ಪಂಪಿನ ಗದ್ದಲ ಮುಂದಕ್ಕೆ ಮಾತ್ರವಲ್ಲ, ಬಂದ ದಾರಿಯಲ್ಲಿಯೇ ಹಿಂದಕ್ಕೂ ಅಡಾಪ್ಟರಿನ ತಂತಿಗೆ ಸೋರುತ್ತದೆ. ಆದ್ದರಿಂದ ಪೆಡಲ್‌ನ 9 ವೋಲ್ಟ್ ಪ್ರವೇಶದಲ್ಲಿಯೂ 47 ಓಮ್ ಮತ್ತು 100 ಮೈಕ್ರೊಫ್ಯಾರಡ್ ಜೋಡಿಯನ್ನು ಇಡಬೇಕು. ದುಪ್ಪಟ್ಟು ಮಾಡುವ ಪಂಪು ಹೊರಗೆ ಕೊಡುವ ಕರೆಂಟಿನ ಎರಡರಷ್ಟನ್ನು ಒಳಗೆ ಎಳೆಯುತ್ತದೆ, ತನ್ನ ಖರ್ಚಿಗೆ ಮೂರು ಮಿಲಿಆಂಪಿಯರ್‌ನಷ್ಟು ಬೇರೆ. ಒಟ್ಟು 15 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ 47 ಓಮಿನಲ್ಲಿ ಕಳೆಯುವುದು 0.7 ವೋಲ್ಟ್, ಅದು ದುಪ್ಪಟ್ಟಾಗಿ ಕೊನೆಯಲ್ಲಿ 1.4 ವೋಲ್ಟ್ ಆಗುತ್ತದೆ. ಈ ನಷ್ಟ ಬೇಡವೆನ್ನುವವರು ರೆಸಿಸ್ಟರಿನ ಬದಲು ಒಂದು ಸಣ್ಣ ಇಂಡಕ್ಟರ್ ಹಾಕಬಹುದು, ಅಥವಾ ನಾನು ಕೊನೆಗೆ ಮಾಡಿದಂತೆ ಎರಡು ಪೆಡಲ್‌ಗಳಿಗೆ ಪರಸ್ಪರ ಸಂಬಂಧವಿಲ್ಲದ, ಪ್ರತ್ಯೇಕಿತ ಔಟ್‌ಪುಟ್‌ಗಳಿರುವ ಪವರ್ ಸಪ್ಲೈ ಕೊಳ್ಳಬಹುದು.

ಎಲ್‌ಟಿ1054ಕ್ಕೆ ಬದಲಾಗಿ ಎಂಟಿ3608 ಎಂಬ ಬೂಸ್ಟ್ ಮಾಡ್ಯೂಲನ್ನು ಸೂಚಿಸುವವರಿದ್ದಾರೆ. ಹೆಬ್ಬೆರಳಿನಷ್ಟು ಅಗಲದ, ಮೇಲೆ ನೀಲಿ ಬಣ್ಣದ ಟ್ರಿಮ್‌ಪಾಟ್ (ತಿರುಗಿಸಿ ವೋಲ್ಟೇಜ್ ಹೊಂದಿಸುವ ಸಣ್ಣ ರೆಸಿಸ್ಟರ್) ಇರುವ ಈ ಸಿದ್ಧ ಬೋರ್ಡು ನೂರು ರೂಪಾಯಿಯ ಒಳಗೇ ಸಿಗುತ್ತದೆ, 28 ವೋಲ್ಟಿನವರೆಗೆ ಏರಿಸಬಲ್ಲದು, ಪೆಡಲ್‌ಗೆ ಬೇಕಾದ ಕರೆಂಟಿನ ಹತ್ತಾರು ಪಟ್ಟು ಕೊಡಬಲ್ಲದು. ಅದರ ಆವರ್ತನ 1.2 ಮೆಗಾಹರ್ಟ್ಸ್ ಆದ್ದರಿಂದ ಕೀರಲಿನ ಭಯ ಇಲ್ಲವೆಂಬುದು ಅವರ ವಾದ. ಆದರೆ ಹೊರೆ ಬಹಳ ಕಡಿಮೆಯಿದ್ದಾಗ ಇಂಥ ಕನ್ವರ್ಟರ್‌ಗಳು ಎಡೆಬಿಡದೆ ನಡೆಯುವುದಿಲ್ಲ. ಸ್ವಲ್ಪ ಹೊತ್ತು ನಡೆದು, ಸ್ವಲ್ಪ ಹೊತ್ತು ನಿಂತು, ಮತ್ತೆ ನಡೆಯುತ್ತವೆ. ಆ ನಿಂತು ನಡೆಯುವ ಲಯ ಕಿವಿಯ ಹರವಿಗೆ ಇಳಿದುಬಿಡಬಹುದು. ನನ್ನ ಬೂಸ್ಟ್ ಪೆಡಲ್‌ಗೆ ಇದನ್ನು ಹಾಕಿದಾಗ ತರಗೆಲೆ ಸರಿದಂಥ ಸದ್ದು ಬಂದಿತು, ಎಲ್ಲ ಫಿಲ್ಟರ್‌ಗಳ ನಂತರವೂ ಅದರ ನೆರಳು ಉಳಿಯಿತು. ಅದರ ಟ್ರಿಮ್‌ಪಾಟನ್ನು ಹಲವಾರು ಸುತ್ತು ತಿರುಗಿಸುವವರೆಗೆ ವೋಲ್ಟೇಜ್ ಅಲುಗುವುದೇ ಇಲ್ಲ, ಹೊಸ ಬೋರ್ಡನ್ನು ಅಳೆಯದೆ ಜೋಡಿಸಿದರೆ ಆಪ್-ಆಂಪ್‌ಗೆ ಎಷ್ಟು ಹೋಗುತ್ತಿದೆಯೆಂದು ಗೊತ್ತಾಗುವುದಿಲ್ಲ. ಕಾಲಿನಿಂದ ತುಳಿಯುವ ವಸ್ತುವಿನೊಳಗೆ ಅಂಥ ಸಡಿಲ ಟ್ರಿಮ್‌ಪಾಟ್ ಇರುವುದೂ ನನಗೆ ಒಪ್ಪಿಗೆಯಲ್ಲ. ಬಳಸಲೇಬೇಕೆಂದಿದ್ದರೆ ಅದನ್ನು ಕಿತ್ತು ಸ್ಥಿರ ರೆಸಿಸ್ಟರ್ ಹಾಕಬೇಕು. ಐಸಿಯ ರೆಫರೆನ್ಸ್ 0.6 ವೋಲ್ಟ್, ನನ್ನ ಬೋರ್ಡಿನಲ್ಲಿ ಗ್ರೌಂಡಿನ ಕಡೆ 2.2 ಕಿಲೊಓಮ್ ಇತ್ತು, ಹಾಗಾಗಿ ಮೇಲಿನ ಕಡೆ 62 ಮತ್ತು 1.8 ಕಿಲೊಓಮ್‌ಗಳನ್ನು ಸರಣಿಯಲ್ಲಿ ಇಟ್ಟರೆ ಸರಿಯಾಗಿ 18 ವೋಲ್ಟ್ ಬರುತ್ತದೆ. ಎಲ್ಇಡಿ ಸಾಲನ್ನೋ ಮೋಟಾರನ್ನೋ ನಡೆಸಲು ಇದು ಒಳ್ಳೆಯ ಮಾಡ್ಯೂಲ್, ಆದರೆ ಗಿಟಾರಿನ ಕ್ಷೀಣ ಸಂಕೇತದ ಪಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಯಾವ ದಾರಿ ಹಿಡಿದರೂ ವೋಲ್ಟೇಜ್ ಏರಿಸುವ ಮೊದಲು ಸರ್ಕ್ಯೂಟಿನ ಪ್ರತಿಯೊಂದು ಬಿಡಿಭಾಗದ ಮಿತಿಯನ್ನು ಓದಿ ನೋಡಬೇಕು. ಟಿಎಲ್072ಗೆ 36 ವೋಲ್ಟಿನವರೆಗೆ ಅವಕಾಶವಿರುವುದರಿಂದ ಕ್ಲಾನ್ ಮಾದರಿಯ 27 ವೋಲ್ಟ್ ಅದಕ್ಕೆ ತೊಂದರೆಯಲ್ಲ. ಆದರೆ ಸಣ್ಣ ಆಂಪ್‌ಗಳಲ್ಲಿ ಬಳಸುವ ಎಲ್ಎಂ386ರ ಸಾಮಾನ್ಯ ಮಾದರಿಗೆ 12 ವೋಲ್ಟೇ ಮಿತಿ, ಡಿಜಿಟಲ್ ಡಿಲೇಯ ಪಿಟಿ2399ಗೆ 5 ವೋಲ್ಟಿನ ಆಸುಪಾಸು ಮಾತ್ರ. ಎಲ್ಲಕ್ಕಿಂತ ಹೆಚ್ಚು ಮರೆತುಹೋಗುವುದು ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. 9 ವೋಲ್ಟಿನ ನಕ್ಷೆಗೆಂದು ಹಾಕಿದ 16 ವೋಲ್ಟಿನ ಕೆಪಾಸಿಟರ್‌ಗಳನ್ನು 18 ವೋಲ್ಟಿನ ಪೂರೈಕೆಯಲ್ಲಿ ಹಾಗೆಯೇ ಬಿಡಬಾರದು. ನಾನು 35 ವೋಲ್ಟಿನವನ್ನೇ ಕೊಂಡು ಇಟ್ಟುಕೊಂಡಿದ್ದೇನೆ, ಬೆಲೆಯಲ್ಲಿ ಇರುವ ವ್ಯತ್ಯಾಸ ಲೆಕ್ಕಕ್ಕಿಲ್ಲ. 12ಎಎಕ್ಸ್7ನಂಥ ವಾಲ್ವ್‌ಗಳನ್ನು ಅವುಗಳಿಗೆ ಸಲ್ಲುವ ಇನ್ನೂರು ಮುನ್ನೂರು ವೋಲ್ಟಿನಲ್ಲಿ ನಡೆಸುವ ಪೆಡಲ್‌ಗಳ ವಿಷಯವೇ ಬೇರೆ. ಅಡಾಪ್ಟರ್ ಕಿತ್ತ ಮೇಲೂ ಅಲ್ಲಿನ ಕೆಪಾಸಿಟರ್‌ಗಳಲ್ಲಿ ಜೀವಕ್ಕೆ ಅಪಾಯ ತರುವಷ್ಟು ಶಕ್ತಿ ಉಳಿದಿರಬಹುದಾದ್ದರಿಂದ, ಅನುಭವಿಗಳು ಪಕ್ಕದಲ್ಲಿ ಇಲ್ಲದೆ ಅದಕ್ಕೆ ಕೈ ಹಾಕಬಾರದು.

ಎಲ್‌ಟಿ1054 ಸೋತ ನನ್ನ ಡಿಲೇ ಪೆಡಲ್‌ನ ವಿಚಾರ ಇನ್ನು ಉಳಿದಿದೆ. ಎಂಎನ್3005 ಒಂದು ಬಕೆಟ್ ಬ್ರಿಗೇಡ್ ಐಸಿ. ಅದರಲ್ಲಿ 4,096 ಹಂತಗಳಿದ್ದು, ಸಂಕೇತವನ್ನು ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತ ಸುಮಾರು 200 ಮಿಲಿಸೆಕೆಂಡಿನವರೆಗೆ ತಡಮಾಡಿಸುತ್ತದೆ. ಅದಕ್ಕೆ 15 ವೋಲ್ಟ್ ಬೇಕು, ಅದೂ ಸ್ಥಿರವಾಗಿ. ನಾನು ಪಂಪಿನ ನಂತರ 7815 ರೆಗ್ಯುಲೇಟರ್ ಇಟ್ಟಿದ್ದೆ. ಆ ರೆಗ್ಯುಲೇಟರ್ 15 ಕೊಡಬೇಕಾದರೆ ಅದಕ್ಕೆ 17 ವೋಲ್ಟಾದರೂ ಬರಬೇಕು. ಹೊರೆಯಿಲ್ಲದಾಗ 17.5 ಕೊಡುತ್ತಿದ್ದ ಪಂಪು, ಡಿಲೇಯ ಆಪ್-ಆಂಪ್‌ಗಳೂ ಆ ಹಂತಗಳಿಗೆ ಲಯ ಕೊಡುವ ಕ್ಲಾಕ್ ಐಸಿಯೂ ಸೇರಿ 20 ಮಿಲಿಆಂಪಿಯರ್ ಎಳೆಯತೊಡಗಿದಾಗ 100 ಓಮ್ ಫಿಲ್ಟರಿನಲ್ಲಿಯೇ 2 ವೋಲ್ಟ್ ಕಳೆದುಕೊಂಡಿತು. ಫಿಲ್ಟರ್ ತೆಗೆದರೆ ಇನ್ನೊಂದು ಕಷ್ಟ: ಎಂಎನ್3005ರ ಕ್ಲಾಕ್ ಕೂಡ ಹತ್ತಾರು ಕಿಲೊಹರ್ಟ್ಸ್‌ನಲ್ಲಿ ನಡೆಯುವಂಥದ್ದು, ಡಿಲೇ ಸಮಯದ ನಾಬ್ ತಿರುಗಿಸಿದಂತೆ ಅದು ಪಂಪಿನ ಆವರ್ತನವನ್ನು ಹಾದುಹೋಗುವಾಗ ಹಿಂದೆ ಹೇಳಿದ ತಂಬೂರಿಯ ಅಲೆ ಏರಿ ಇಳಿಯುವ ಸೀಟಿಯಾಗಿ ಕೇಳಿಸುತ್ತಿತ್ತು. ಇದನ್ನು ಐಸಿಯ ದೋಷವೆಂದು ನಾನು ಎಣಿಸುವುದಿಲ್ಲ. ಕ್ಲಾಕ್ ಇರುವ ಸರ್ಕ್ಯೂಟಿನೊಳಗೆ ಇನ್ನೊಂದು ಕ್ಲಾಕನ್ನು ತಂದು ಕೂರಿಸಿದ್ದೇ ತಪ್ಪು.

ಹಾಗಾಗಿ ಆ ಪೆಡಲ್‌ಗೆ ಹೊರಗಿನಿಂದಲೇ 18 ವೋಲ್ಟ್ ಕೊಡಬೇಕಾಯಿತು. ಪೆಡಲ್‌ಗಳಿಗೆಂದೇ ಮಾಡಿದ ಪವರ್ ಸಪ್ಲೈಗಳಲ್ಲಿ ಸ್ಟ್ರೈಮನ್ ಝೂಮಾದ ಒಂಬತ್ತು ಔಟ್‌ಪುಟ್‌ಗಳಲ್ಲಿ ಎರಡನ್ನು 9, 12, 18 ವೋಲ್ಟ್‌ಗಳಿಗೆ ಬದಲಿಸಬಹುದು. ಸಿಯೋಕ್ಸ್ ಡಿಸಿ7ರಲ್ಲಿ ಏಳೂ ಔಟ್‌ಪುಟ್‌ಗಳಿಗೆ 9, 12, 15, 18ರ ಆಯ್ಕೆಯಿದೆ. ಇವು ದುಬಾರಿ ಸರಕುಗಳು. ನನ್ನ ಬಳಿ ಇರುವ ಸಾಧಾರಣ ಪ್ರತ್ಯೇಕಿತ ಸಪ್ಲೈಯಲ್ಲಿ ಎಲ್ಲ ಔಟ್‌ಪುಟ್‌ಗಳೂ 9 ವೋಲ್ಟಿನವೇ. ಎರಡನ್ನು ಸರಣಿಯಲ್ಲಿ ಸೇರಿಸುವ ಕೇಬಲ್ ಮಾಡಿಕೊಂಡು 18 ಪಡೆಯುತ್ತಿದ್ದೇನೆ. ಔಟ್‌ಪುಟ್‌ಗಳು ನಿಜವಾಗಿಯೂ ಪ್ರತ್ಯೇಕವಾಗಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಒಂದೇ ಅಡಾಪ್ಟರಿನ ಕವಲು ತಂತಿಯಲ್ಲಿ ಇದನ್ನು ಮಾಡಿದರೆ ಒಂದರ ಧನ ಇನ್ನೊಂದರ ಋಣಕ್ಕೆ ನೇರವಾಗಿ ತಾಗಿ ಶಾರ್ಟ್ ಆಗುತ್ತದೆ; ಮಲ್ಟಿಮೀಟರಿನಲ್ಲಿ ಎರಡು ಔಟ್‌ಪುಟ್‌ಗಳ ಗ್ರೌಂಡ್ ನಡುವೆ ಸಂಪರ್ಕವಿಲ್ಲವೆಂದು ಖಚಿತಪಡಿಸಿಕೊಂಡೇ ಮುಂದುವರಿಯಬೇಕು. ಈಗ 7815ಗೆ 18.3 ವೋಲ್ಟ್ ಬರುತ್ತಿದೆ, ಸೀಟಿ ಪೂರ್ತಿ ಹೋಗಿದೆ, ಪ್ರತಿಧ್ವನಿಗಳು ಒಂದರ ಹಿಂದೊಂದು ಮಂಕಾಗುತ್ತ ಕರಗುವುದನ್ನು ಕೇಳುವುದು ಬಹಳ ಸುಖ ಕೊಡುತ್ತದೆ.

ಆದರೂ ಬೂಸ್ಟ್ ಮತ್ತು ಓವರ್‌ಡ್ರೈವ್‌ಗಳಲ್ಲಿ ಪಂಪನ್ನು ಕಿತ್ತು ಹೊರಗಿನ 18 ವೋಲ್ಟಿಗೆ ಬದಲಿಸುವ ಯೋಚನೆ ನನಗಿಲ್ಲ. ಹೊರಗಿನ 18 ವೋಲ್ಟಿನ ತುದಿಯೂ 9 ವೋಲ್ಟಿನ ತುದಿಯೂ ನೋಡಲು ಒಂದೇ; ಕಾರ್ಯಕ್ರಮದ ಗಡಿಬಿಡಿಯಲ್ಲಿ, ಮಂದ ಬೆಳಕಿನಲ್ಲಿ, ಅದು ಬೇರೆ ಪೆಡಲ್‌ಗೆ ಹೋಗಲು ಒಂದು ಕ್ಷಣ ಸಾಕು. ಪೆಡಲ್‌ನ ಹೊರಗೆ ಎಲ್ಲವೂ 9 ವೋಲ್ಟೇ ಆಗಿದ್ದು, ಬೇಕಾದ ಪೆಡಲ್ ತನ್ನೊಳಗೇ ಅದನ್ನು ಏರಿಸಿಕೊಳ್ಳುವ ವ್ಯವಸ್ಥೆಯ ನಿಜವಾದ ಬೆಲೆ ಅಲ್ಲಿದೆ. ಹತ್ತು ಮಿಲಿಆಂಪಿಯರ್‌ಗಿಂತ ಕಡಿಮೆ ಎಳೆಯುವ, ಕ್ಲಾಕ್ ಇಲ್ಲದ ಸರ್ಕ್ಯೂಟುಗಳಿಗೆ ಎಲ್‌ಟಿ1054ಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ. ಡಿಲೇಯ ಸರಣಿ ಕೇಬಲ್‌ನ ಎರಡೂ ತುದಿಗಳಿಗೆ ಕೆಂಪು ಟೇಪ್ ಸುತ್ತಿದ್ದೇನೆ, ಪೆಡಲ್‌ನ ಕಡೆಯ ತುದಿಯನ್ನು ಡಬ್ಬಿಗೇ ಬಿಗಿದು ಕಟ್ಟಿ, ಪಕ್ಕದ ಯಾವ ಪೆಡಲ್‌ನ ಜ್ಯಾಕಿಗೂ ಎಟುಕದಷ್ಟು ಗಿಡ್ಡಕ್ಕೆ ಕತ್ತರಿಸಿದ್ದೇನೆ.